‘ಅಥವಾ’ದ ಮುಂದಿನ ಸಾಲು

ಶಾಲೆಯ ಮೊದಲ ಗಂಟೆ ಹೊಡೆಯುವ ಮುಂಚೆ ರೆನ್ಸಿ ಕಚೇರಿಯ ಬಾಗಿಲು ತೆಗೆಯುತ್ತಾಳೆ, ಕಿಟಕಿ ತೆಗೆಯುತ್ತಾಳೆ, ಕಂಪ್ಯೂಟರಿನ ಮುಂದೆ ಕೂರುತ್ತಾಳೆ. ಆಮೇಲೆ ಕೀಲಿಮಣೆಯ ಎಡಕ್ಕಿರುವ, ಕ್ಯಾಪ್ಸ್ ಲಾಕ್ ಎಂಬ ದೊಡ್ಡಕ್ಷರದ ಕೀಲಿಯನ್ನು ಒಮ್ಮೆ ಒತ್ತುತ್ತಾಳೆ. ಮೂಲೆಯಲ್ಲಿ ಸಾಸಿವೆಯಷ್ಟು ಹಸಿರು ದೀಪ ಹತ್ತುತ್ತದೆ. ಮತ್ತೆ ಒತ್ತುತ್ತಾಳೆ, ಆರುತ್ತದೆ. ಆರಿದ್ದನ್ನು ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡು, ಶಿಲುಬೆಯ ಗುರುತು ಹಾಕಿಕೊಂಡು, ಆಮೇಲೆಯೇ ಕೆಲಸ. ಜ್ವರ ಬಂದ ದಿನವೂ, ಮಗಳ ಮದುವೆಯ ಹಿಂದಿನ ದಿನವೂ ಇದು ತಪ್ಪಿಲ್ಲ.

ಗಣಿತ ಕಲಿಸುವ ಪಾ ಬೋನೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಬಂದವನು ದಿನಾ ಕೇಳುತ್ತಾನೆ: "ಇಬು ರೆನ್ಸಿ, ದೀಪ ಆರಿತಾ? ಆರಿದ್ರೆ ಹೇಳಿ, ನಾವು ಪಾಠ ಶುರು ಮಾಡ್ತೀವಿ."

"ನಿಮ್ಮ ತಲೇಲಿ ಹತ್ತಿದ್ರೆ ಹೇಳಿ ಪಾ, ನಾನು ಟೈಪಿಂಗ್ ಶುರು ಮಾಡ್ತೀನಿ" ಅನ್ನುತ್ತಾಳೆ ಅವಳು, ತಲೆ ಎತ್ತದೆ.

ಎಮರೆನ್ಸಿಯಾನಾ ಎಂಬುದು ಅವಳ ಪೂರ್ತಿ ಹೆಸರು. ನಮ್ಮಲ್ಲಿ ಗಂಡಸರನ್ನು ಪಾ, ಹೆಂಗಸರನ್ನು ಇಬು ಎಂದು ಕರೆಯುವುದು ಮರ್ಯಾದೆ. ಮೌಮೆರೆ ಪೇಟೆಯಿಂದ ಬೆಮೊ ವ್ಯಾನು ಹತ್ತಿ ಗುಡ್ಡದ ಮೇಲಕ್ಕೆ ಬಂದರೆ ಸಿಗುವ ನಮ್ಮ ಊರಿನ ಮಾಧ್ಯಮಿಕ ಶಾಲೆಯಲ್ಲಿ ಹದಿನೇಳು ವರ್ಷದಿಂದ ಗುಮಾಸ್ತೆ. ಹದಿನೇಳು ವರ್ಷವೂ ಹಂಗಾಮಿ. ಶಾಲೆ ನಡೆಸುವ ಪ್ರತಿಷ್ಠಾನ ಎರಡು ವರ್ಷಕ್ಕೊಮ್ಮೆ ಖಾಯಂ ಮಾಡುವವರ ಪಟ್ಟಿ ತರಿಸಿಕೊಳ್ಳುತ್ತದೆ. ಪ್ರತಿ ಸಲವೂ ಯಾರಾದರೂ ಮೇಷ್ಟರ ಹೆಸರು ಮುಂದೆ ಹೋಗುತ್ತದೆ, ಇವಳದು ಉಳಿಯುತ್ತದೆ. ಆ ಪಟ್ಟಿಯನ್ನು ಟೈಪ್ ಮಾಡುವವಳೂ ಇವಳೇ.

ನಾನು ಅವಳಿಂದ ನಾಲ್ಕನೇ ಮನೆಯವಳು, ಅವಳು ನನ್ನನ್ನು ತಾಂತಾ, ಅಂದರೆ ಚಿಕ್ಕಮ್ಮ, ಅನ್ನುತ್ತಾಳೆ. ಅಕ್ಟೋಬರ್ ತಿಂಗಳು ಪೂರ್ತಿ ನಮ್ಮ ಕೇರಿಯಲ್ಲಿ ಮನೆಯಿಂದ ಮನೆಗೆ ಜಪಮಾಲೆ ಹೋಗುತ್ತದೆ. ಪ್ರಾರ್ಥನೆ ಮುಗಿದ ಮೇಲೆ ಅವಳು ಹೇಳಿದ್ದು, ಅಡುಗೆಗೆ ಕೆಮಿರಿ ಕಾಯಿ ಒಡೆಯುತ್ತ ಹೇಳಿದ್ದು, ಒಗೆಯುವ ಕಲ್ಲಿನ ಹತ್ತಿರ ಅರ್ಧ ಹೇಳಿ ಬಿಟ್ಟಿದ್ದು, ಎಲ್ಲ ಸೇರಿ ಇಷ್ಟಾಗಿದೆ.

ಹತ್ತನೇ ತರಗತಿ ಕೂಡ ಮುಗಿಸದ ಹೆಂಗಸು ಕಚೇರಿಯ ಭಾಷೆಯನ್ನು ತಾನೇ ಕಲಿತಳು. ಕೆಲಸಕ್ಕೆ ಸೇರಿದ ವರ್ಷ, ಪಾದ್ರಿಯಾಗಲು ಸೆಮಿನರಿಯಲ್ಲಿ ಓದುತ್ತಿದ್ದ ಅವಳ ಚಿಕ್ಕಪ್ಪನ ಮಗ ಒಂದು ಕಾಗುಣಿತದ ಪುಸ್ತಕ ತಂದಿದ್ದ. ಎರಡೇ ದಿನದ ಮಟ್ಟಿಗೆ. ಅವಳು ಅದನ್ನು ಪೇಟೆಗೆ ಒಯ್ದು ನಕಲು ತೆಗೆಸಿ, ರಟ್ಟು ಹಾಕಿ, ದಪ್ಪ ದಾರದಿಂದ ತಾನೇ ಹೊಲಿದಳು. ಎಲ್ಲಿ ಅಲ್ಪವಿರಾಮ, ಎಲ್ಲಿ ದೊಡ್ಡಕ್ಷರ, ಎಲ್ಲ ಅದರಲ್ಲಿತ್ತು. ಪ್ರಾರ್ಥನೆಯ ಪುಸ್ತಕದ ಪಕ್ಕದಲ್ಲೇ ಅದಕ್ಕೂ ಜಾಗ. ಮೇಷ್ಟರುಗಳು ಸಹ ಅನುಮಾನ ಬಂದರೆ ಅವಳ ಹತ್ತಿರ ಬಂದು ಕೇಳುತ್ತಿದ್ದರು.

ಅವಳ ಗಂಡ ತಿನುಸ್ ಓಜೆಕ್ ಓಡಿಸುತ್ತಾನೆ, ಬೈಕಿನ ಹಿಂದೆ ಜನರನ್ನು ಕೂರಿಸಿಕೊಂಡು. "ನೀನು ಆ ಪುಸ್ತಕವನ್ನೇ ಮದುವೆ ಆಗ್ಬೇಕಿತ್ತು" ಅನ್ನುವುದು ಅವನ ಹಳೆಯ ಮಾತು.

"ಅದಕ್ಕೆ ಮೋಕೆ ಕುಡಿಯೋ ಚಟ ಇಲ್ಲ ನೋಡಿ, ಆಗ್ಬಹುದಿತ್ತು" ಅನ್ನುವುದು ಇವಳ ಹಳೆಯ ಉತ್ತರ.

ಗಲಾಟೆ ಆದದ್ದು ಆಗಸ್ಟ್ ತಿಂಗಳಲ್ಲಿ.

ನಮ್ಮ ಶಾಲೆಗೆ ಆರು ವರ್ಷದಿಂದ ಮುಖ್ಯೋಪಾಧ್ಯಾಯರಿರಲಿಲ್ಲ, ಪ್ರಭಾರದಲ್ಲಿ ಪಾ ಕಾನಿಸ್ ಇದ್ದರು. ಹಿಂದಿನವರು ಹೋದಾಗ "ಮೂರು ತಿಂಗಳು ನೋಡಿಕೊಳ್ಳಿ" ಎಂದು ಪ್ರತಿಷ್ಠಾನ ಹೇಳಿತ್ತು. ಆ ಮೂರು ತಿಂಗಳು ಆರು ವರ್ಷವಾಯಿತು. ಛಾವಣಿ ಹಾರಿದಾಗ ಹೊದಿಸಿದವರು ಅವರು. ಬಾವಿಯಿಂದ ನೀರಿನ ಕೊಳವೆ ಎಳೆಸಿದವರು ಅವರು. ಆದರೂ ಕಾಗದದಲ್ಲಿ ಅವರ ಹುದ್ದೆಯ ಮುಂದೆ ಯಾವಾಗಲೂ ಪ್ರಭಾರ ಎಂಬ ಮೂರಕ್ಷರದ ಗುರುತು. ಐವತ್ತೈದು ದಾಟಿದ ಮನುಷ್ಯ. ನವೆಂಬರಿನಲ್ಲಿ ಪ್ರತಿಷ್ಠಾನ ಕೂತು ನಿರ್ಧಾರ ಮಾಡುವುದಿತ್ತು: ಅವರನ್ನೇ ಖಾಯಂ ಮಾಡುವುದೋ, ಹೊರಗಿನಿಂದ ಯಾರನ್ನಾದರೂ ಕಳಿಸುವುದೋ. ಹೊರಗಿನವರು ಬಂದರೆ ಪಾ ಕಾನಿಸ್ ಮತ್ತೆ ಭೂಗೋಳದ ಮೇಷ್ಟರು, ಅಷ್ಟೆ.

ಹೆತ್ತವರ ಸಭೆಗೆ ರೆನ್ಸಿ ಆಮಂತ್ರಣ ಟೈಪ್ ಮಾಡಿದಳು. ಗುರುವಾರ ಹತ್ತು ಗಂಟೆಗೆ ಬಂದು ಮುಖ್ಯೋಪಾಧ್ಯಾಯರನ್ನು ಕಾಣಬೇಕು ಎಂದು ಅದರಲ್ಲಿತ್ತು. ಮುಖ್ಯೋಪಾಧ್ಯಾಯ ಎಂದರೆ ಇಲ್ಲಿ ಕೆಪಾಲಾ ಸೆಕೋಲಾ, ಶಾಲೆಯ ತಲೆ. ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ. ಕೆ ಮತ್ತು ಎಸ್, ಈ ಎರಡಕ್ಷರ ಚಿಕ್ಕದಾದರೂ ದೊಡ್ಡದಾದರೂ ಆಕಾರ ಒಂದೇ. ಎತ್ತರ ಮಾತ್ರ ಬೇರೆ. ಒಬ್ಬನೇ ಮನುಷ್ಯ ಕೂತ ಹಾಗೆ, ನಿಂತ ಹಾಗೆ. ಹುದ್ದೆಯ ಬೆನ್ನಿಗೇ ವ್ಯಕ್ತಿಯ ಹೆಸರು ಬಂದರೆ ದೊಡ್ಡಕ್ಷರ, ಹುದ್ದೆ ಒಂಟಿಯಾಗಿ ಬಂದರೆ ಚಿಕ್ಕಕ್ಷರ ಎಂಬುದು ರೆನ್ಸಿಯ ನಿಯಮ. ಆಮಂತ್ರಣದಲ್ಲಿ ಹೆಸರಿರಲಿಲ್ಲ. ಚಿಕ್ಕಕ್ಷರ ಹಾಕಿದಳು.

ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಕೊಕೊ ವ್ಯಾಪಾರಿಯೊಬ್ಬ ಆಮಂತ್ರಣ ಬೀಸಿಕೊಳ್ಳುತ್ತ ಕೇಳಿದ: "ಪಾ ಕಾನಿಸ್, ಪ್ರಭಾರದಲ್ಲಿದ್ರೆ ಅಕ್ಷರಾನೂ ಕುಳ್ಳಗಾಗುತ್ತಾ? ಇಲ್ಲಿ ನಿಮ್ಮ ತಲೆ ತೀರ ಚಿಕ್ಕದಾಗಿದೆಯಲ್ಲ."

ಜನ ನಕ್ಕರು. ನಮ್ಮಲ್ಲಿ ಅಹಂಕಾರಿಯನ್ನು ದೊಡ್ಡ ತಲೆಯವನು ಅನ್ನುತ್ತಾರೆ. ಹಿಂದಿನಿಂದ ಇನ್ನೊಬ್ಬ, "ದೊಡ್ಡ ತಲೆ ಇಲ್ಲದ್ದು ಒಳ್ಳೇದೇ ಬಿಡಿ" ಅಂದ. ಇನ್ನೂ ನಕ್ಕರು. ಪಾ ಕಾನಿಸ್ ಕೂಡ ನಕ್ಕ ಹಾಗೆ ಮಾಡಿದರು. ಸಭೆ ಮುಗಿದದ್ದೇ ತಡ ಕಚೇರಿಗೆ ಬಂದರು. ಹೆತ್ತವರು ಇನ್ನೂ ಜಗಲಿಯಲ್ಲೇ ಚಪ್ಪಲಿ ಹುಡುಕುತ್ತಿದ್ದರು.

"ಆರು ವರ್ಷ, ಇಬು! ಆರು ವರ್ಷ ಈ ಶಾಲೇನ ಹೊತ್ತಿದ್ದೀನಿ. ಎರಡಕ್ಷರ ದೊಡ್ಡದು ಮಾಡೋಕೆ ನಿಮ್ಮ ಬೆರಳಿಗೆ ಅಷ್ಟು ಭಾರವಾಯ್ತಾ? ಊರಿನ ಮುಂದೆ ನನ್ನನ್ನ ನೆಲಕ್ಕೆ ಇಳಿಸಿದ್ರಲ್ಲ!" ಕೈಯಲ್ಲಿದ್ದ ಆಮಂತ್ರಣವನ್ನು ಹರಿದು ಮೇಜಿನ ಮೇಲೆ ಎಸೆದರು. ಧ್ವನಿ ಕ್ಯಾಂಟೀನಿನವರೆಗೆ ಕೇಳಿಸಿತು.

ರೆನ್ಸಿ ಎದ್ದು ನಿಂತಳು. "ನಿಯಮ ಹಾಗಿದೆ, ಪಾ."

"ಎಲ್ಲಿದೆ? ತೋರ್ಸಿ."

ಅವಳು ಹೊಲಿದ ಪುಸ್ತಕ ತೆಗೆದು ಪುಟ ತೋರಿಸಿದಳು. ಅವರು ಬೆರಳಿಟ್ಟು ಓದಿದರು. ಪುಟದ ಕೊನೆಗೆ ಬಂದಾಗ ಬೆರಳು ನಿಂತಿತು.

"ಹೆಸರು ಬೆನ್ನಿಗೇ ಬಂದಾಗ ದೊಡ್ಡಕ್ಷರ, ಅಥವಾ... ಅಂತ ಇದೆಯಲ್ಲ. ಅಥವಾ ಏನು?"

ಪುಟ ಅಲ್ಲಿಗೆ ಮುಗಿದಿತ್ತು. ಮುಂದಿನ ಪುಟದಲ್ಲಿ ಬೇರೆ ನಿಯಮ. ನಕಲು ತೆಗೆದ ಕಾಗದ ಪುಸ್ತಕದ ಹಾಳೆಗಿಂತ ಗಿಡ್ಡವಾಗಿದ್ದರಿಂದ ಅಲ್ಲಲ್ಲಿ ಕೊನೆಯ ಸಾಲು ಹಾರಿಹೋಗಿತ್ತು. ರೆನ್ಸಿ ಹದಿನೇಳು ವರ್ಷದಿಂದ ಆ 'ಅಥವಾ'ವನ್ನು ನೋಡುತ್ತಿದ್ದಳು. ಮುಂದೇನಿದೆ ಎಂದು ಒಂದು ದಿನವೂ ಹುಡುಕಿರಲಿಲ್ಲ.

"ಅಥವಾ ಸಂಸ್ಥೆಯ ಹೆಸರು, ಊರಿನ ಹೆಸರು" ಅಂದಳು. ತಡವರಿಸದೆ ಅಂದಳು. "ಅಷ್ಟೇ ಪಾ."

ಅವರು ಪುಸ್ತಕ ಮುಚ್ಚಿದರು. ಹೊರಟುಹೋದರು. ಮರುವಾರ ಅವಳನ್ನು ಕಚೇರಿಯಿಂದ ಗ್ರಂಥಾಲಯಕ್ಕೆ ಹಾಕಿದರು. ದಿನಕ್ಕೆ ಒಂದು ಗಂಟೆ ಮಾತ್ರ ಕಚೇರಿಯ ಕಾಗದ, ಮಿಕ್ಕ ಹೊತ್ತು ಪುಸ್ತಕದ ಧೂಳು.

ಸೆಪ್ಟೆಂಬರಿನಲ್ಲಿ ಪ್ರತಿಷ್ಠಾನದ ಅಧ್ಯಕ್ಷರಾದ ರೋಮೊ ಏವಾಲ್ದುಸ್ ವಿಚಾರಣೆಗೆಂದು ಬಂದರು. ಪಾದ್ರಿಗಳನ್ನು ನಾವು ರೋಮೊ ಅನ್ನುತ್ತೇವೆ. ಯಾರೋ ಹೆತ್ತವರು ದೂರು ಬರೆದಿದ್ದರಂತೆ: ಪ್ರಭಾರಿಗಳು ಏನೂ ತಪ್ಪು ಮಾಡದ ಗುಮಾಸ್ತೆಯ ಮೇಲೆ ಎಲ್ಲರೆದುರು ಸುಮ್ಮಸುಮ್ಮನೆ ಕೂಗಾಡಿದರು ಎಂದು. ರೋಮೊ ರೆನ್ಸಿಯನ್ನು ಕರೆಸಿ ಒಂದೇ ಪ್ರಶ್ನೆ ಕೇಳಿದರು.

"ನೀನು ಬರೆದದ್ದು ಸರಿ ಇತ್ತಾ ಮಗಳೇ?"

"ಸರಿ ಇತ್ತು ರೋಮೊ."

ಅವರು ಬರೆದುಕೊಂಡರು. ಅವಳಿಗೆ ಆಗ ಸಮಾಧಾನವಾಗಿತ್ತು ಎಂದು ಅವಳೇ ನನಗೆ ಹೇಳಿದ್ದಾಳೆ. ಕೂಗಿಸಿಕೊಂಡ ಕಿವಿಗೆ ಯಾರೋ ಎಣ್ಣೆ ಬಿಟ್ಟ ಹಾಗಿತ್ತಂತೆ.

ಅಕ್ಟೋಬರಿನ ಎರಡನೇ ವಾರ. ಗ್ರಂಥಾಲಯಕ್ಕೆ ಏಳನೇ ತರಗತಿಯ ಹೊಸ ಭಾಷಾಪುಸ್ತಕದ ಕಟ್ಟುಗಳು ಬಂದಿದ್ದವು. ರೆನ್ಸಿ ಒಂದೊಂದಕ್ಕೂ ಶಾಲೆಯ ಮುದ್ರೆ ಒತ್ತುತ್ತಿದ್ದಳು. ಮುದ್ರೆ ಒತ್ತಲು ತೆರೆದ ಪುಟದಲ್ಲಿ ಆ ನಿಯಮವೇ ಇತ್ತು. ಹನ್ನೆರಡು ವರ್ಷದ ಮಕ್ಕಳಿಗೆ ಅರ್ಥವಾಗುವ ಹಾಗೆ, ಚೌಕದೊಳಗೆ, ಚಿತ್ರದ ಜೊತೆ. ಹುದ್ದೆಯ ಬೆನ್ನಿಗೇ ಹೆಸರು ಬಂದರೆ ದೊಡ್ಡಕ್ಷರ, ಅಥವಾ ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೆಸರಿನ ಬದಲು ಆ ಹುದ್ದೆಯನ್ನೇ ಬಳಸಿದರೂ ದೊಡ್ಡಕ್ಷರ.

ಗುರುವಾರ ಹತ್ತು ಗಂಟೆಗೆ ಮುಖ್ಯೋಪಾಧ್ಯಾಯರನ್ನು ಕಾಣಬೇಕು. ಯಾವ ಮುಖ್ಯೋಪಾಧ್ಯಾಯರನ್ನು? ಲೋಕದಲ್ಲಿರುವ ಯಾರನ್ನೋ ಅಲ್ಲ. ಪಾ ಕಾನಿಸ್ ಅವರನ್ನು. ಅವರ ಹೆಸರಿನ ಜಾಗದಲ್ಲಿ ಆ ಹುದ್ದೆ ನಿಂತಿತ್ತು.

ಅವಳು ಮಿಕ್ಕ ಪುಸ್ತಕಗಳಿಗೆ ಮುದ್ರೆ ಒತ್ತಿದಳಂತೆ. ಹದಿನಾಲ್ಕು ಪುಸ್ತಕಕ್ಕೆ ತಲೆಕೆಳಗಾಗಿ ಬಿದ್ದಿತ್ತಂತೆ.

ಅಂದಿನಿಂದ ಅವಳು ಅವಳಾಗಿರಲಿಲ್ಲ. ಜಪಮಾಲೆಯಲ್ಲಿ ಒಂದು ಮಣಿಗೆ ಎರಡು ಸಲ ಪ್ರಾರ್ಥನೆ ಹೇಳುತ್ತಿದ್ದಳು, ಇನ್ನೊಂದು ಮಣಿಯನ್ನು ಹಾರಿಸುತ್ತಿದ್ದಳು. ನಾವೆಲ್ಲ ಮೂರನೇ ರಹಸ್ಯದ ಹತ್ತು ಮಣಿಗಳಲ್ಲಿದ್ದರೆ ಅವಳು ನಾಲ್ಕನೆಯದರಲ್ಲಿ. ಅನ್ನಕ್ಕೆ ನೀರಿಟ್ಟು ಅಕ್ಕಿ ಹಾಕುವುದನ್ನು ಮರೆತಳು. ಸಂಜೆ ನಮ್ಮ ಅಂಗಳಕ್ಕೆ ಬಂದು ಕೂರುವಳು, ಎರಡು ಕೆಮಿರಿ ಕಾಯಿ ಒಡೆಯುವಳು, ಏಳುವಳು, ಗೇಟಿನವರೆಗೆ ಹೋಗಿ ಮತ್ತೆ ಬರುವಳು. ನಾನು ಏನೂ ಕೇಳಲಿಲ್ಲ. ನಾಲ್ಕನೇ ದಿನ ತಾನಾಗಿಯೇ ಬಾಯಿ ಬಿಟ್ಟಳು.

"ತಾಂತಾ, ಗೊತ್ತಿಲ್ಲದೆ ತಪ್ಪು ಮಾಡಿದ್ರೆ ಅದು ಪಾಪ ಅಲ್ಲ ಅಲ್ವಾ?"

"ಅಲ್ಲ ಅಂತಾರೆ."

"ಗೊತ್ತಿಲ್ಲ ಅನ್ನೋದು ಗೊತ್ತಿದ್ದೂ, ಗೊತ್ತು ಅಂತ ಹೇಳಿದ್ರೆ?"

ನಾನು ಸುತ್ತಿಗೆ ಕೆಳಗಿಟ್ಟೆ. ಅವಳು ಎಲ್ಲ ಹೇಳಿದಳು. ಅಕ್ಷರ ತಪ್ಪಿದ್ದಕ್ಕಿಂತ 'ಅಷ್ಟೇ ಪಾ' ಅಂದದ್ದು ಅವಳನ್ನು ಹೆಚ್ಚು ಕುಟುಕುತ್ತಿತ್ತು. ಅದರ ಮೇಲೆ ರೋಮೊ ಎದುರು 'ಸರಿ ಇತ್ತು' ಅಂದದ್ದು.

ತಿನುಸ್‌ಗೂ ಹೇಳಿದ್ದಳು. ಅವನು ಬೈಕ್ ಒರೆಸುತ್ತ ಅಂದನಂತೆ: "ಅವ್ರು ಕೂಗಿದ್ದು ಸುಳ್ಳಾ? ಹರಿದು ಎಸೆದದ್ದು ಸುಳ್ಳಾ? ನಿನ್ನನ್ನ ಧೂಳಿಗೆ ಹಾಕಿದ್ದು ಸುಳ್ಳಾ? ಒಂದು ಅಕ್ಷರಕ್ಕೆ ಇಷ್ಟು ಒದ್ದಾಡ್ತೀಯಲ್ಲ, ನಾನು ಎರಡು ದಿನ ಮನೆಗೆ ಬರದೆ ಇದ್ದಾಗ ಇಷ್ಟು ಒದ್ದಾಡ್ಲಿಲ್ಲ ನೀನು."

"ನೀವು ಎಲ್ಲಿರ್ತೀರಿ ಅಂತ ಗೊತ್ತಿತ್ತಲ್ಲ" ಅಂದಳಂತೆ.

"ಸುಮ್ಮನಿರು. ಯಾರು ಹೋಗಿ ಏಳನೇ ಕ್ಲಾಸಿನ ಪುಸ್ತಕ ನೋಡ್ತಾರೆ?"

ಅದು ನಿಜವಾಗಿತ್ತು. ಯಾರೂ ನೋಡುವವರಿರಲಿಲ್ಲ. ಹೇಳಿದರೆ ಊರೆಲ್ಲ ಆಡಿಕೊಳ್ಳುತ್ತದೆ. ಹದಿನೇಳು ವರ್ಷ ಎಲ್ಲರ ಕಾಗದ ತಿದ್ದಿದವಳು ತಾನೇ ತಪ್ಪಿದ್ದಳು ಎಂದು. ಹೇಳದಿದ್ದರೆ ನವೆಂಬರಿನಲ್ಲಿ ಒಬ್ಬ ಮನುಷ್ಯನ ಆರು ವರ್ಷದ ಎದುರಿಗೆ 'ಸುಮ್ಮಸುಮ್ಮನೆ ಕೂಗಾಡುವವನು' ಎಂಬ ಒಂದು ಸಾಲು ಕೂತಿರುತ್ತದೆ. ಆ ಸಾಲಿಗೆ ಆಧಾರ ಇವಳ ಮಾತು.

ಶನಿವಾರ ಬೆಳಿಗ್ಗೆ ಅವಳು ಏಳನೇ ತರಗತಿಯ ಪುಸ್ತಕವನ್ನೂ ತನ್ನ ಹೊಲಿದ ಪುಸ್ತಕವನ್ನೂ ಚೀಲಕ್ಕೆ ಹಾಕಿಕೊಂಡು ಮೌಮೆರೆಗೆ ಹೋದಳು. ಬೆಮೊದಲ್ಲಿ ಅವಳ ಪಕ್ಕ ಎರಡು ಕೋಳಿ, ಒಂದು ಮೂಟೆ ಮರಗೆಣಸು. ಮೂರು ಸಲ ಇಳಿದುಬಿಡೋಣ ಅನ್ನಿಸಿತಂತೆ.

ರೋಮೊ ಏವಾಲ್ದುಸ್ ಎರಡು ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಕನ್ನಡಕ ತೆಗೆದರು.

"ಇದಕ್ಕೋಸ್ಕರ ಗುಡ್ಡ ಇಳಿದು ಬಂದ್ಯಾ?"

"ಹೌದು ರೋಮೊ."

"ಅವನು ಕೂಗಿದ್ದು ನಿಜ ತಾನೆ?"

"ನಿಜ."

"ಹಾಗಾದ್ರೆ ನನ್ನ ಕಡತದಲ್ಲಿ ಏನು ಬದಲಾಗುತ್ತೆ?"

"ಸುಮ್ಮಸುಮ್ಮನೆ ಅಂತ ಇದೆ ರೋಮೊ. ಸುಮ್ಮಸುಮ್ಮನೆ ಅಲ್ಲ. ಅವರು ಕೂಗಿದ್ದು ತಪ್ಪು, ಕೇಳಿದ್ದು ಸರಿ. ಪುಟ ತೋರ್ಸಿ ಅಂದ್ರು, ಅಥವಾ ಏನು ಅಂದ್ರು. ನಾನು ಗೊತ್ತಿಲ್ದೇ ಉತ್ತರ ಕೊಟ್ಟೆ."

"ಪಾಪನಿವೇದನೆಗೆ ನಿಮ್ಮ ಊರಲ್ಲೇ ಪಾದ್ರಿ ಇದಾರಲ್ಲ" ಅಂದರು ನಗುತ್ತ.

"ಅಲ್ಲಿ ಹೇಳಿದ್ರೆ ದೇವರಿಗೆ ಮಾತ್ರ ಗೊತ್ತಾಗುತ್ತೆ. ದೇವರಿಗೆ ಮೊದಲೇ ಗೊತ್ತು. ಗೊತ್ತಾಗ್ಬೇಕಾಗಿರೋದು ನಿಮಗೆ."

ರೋಮೊ ಕಡತ ತರಿಸಿದರು. ಹಳೆಯ ಹೇಳಿಕೆಯ ಕೆಳಗೆ ಅವಳ ಕೈಯಲ್ಲೇ ನಾಲ್ಕು ಸಾಲು ಬರೆಸಿ ಸಹಿ ಹಾಕಿಸಿದರು. "ಇದರಿಂದ ಏನಾಗುತ್ತೋ ನಾನು ಹೇಳಲ್ಲ. ನಾವು ಐದು ಜನ ಕೂರ್ತೀವಿ" ಅಂದರು.

ಸೋಮವಾರ ಪಾ ಕಾನಿಸ್‌ಗೆ ಹೇಳಬೇಕಿತ್ತು. ಅವರು ಕೊಳವೆಯ ಹತ್ತಿರ ಕೂತು ಸೋರುವ ತಿರುಪಿಗೆ ರಬ್ಬರ್ ಸುತ್ತುತ್ತಿದ್ದರು. ಅವಳು ನಿಂತುಕೊಂಡೇ ಎಲ್ಲ ಹೇಳಿದಳು, ಪುಸ್ತಕ ತೆರೆದು ತೋರಿಸಿದಳು. ಅವರ ಕೈ ಒದ್ದೆಯಾಗಿತ್ತು, ಪುಸ್ತಕ ಮುಟ್ಟಲಿಲ್ಲ. ಬಗ್ಗಿ ಓದಿದರು.

ಬೈಯುತ್ತಾರೆ ಎಂದು ಕಾದಳು. ಬೈಯಲಿಲ್ಲ.

"ಆ ದಿನ ಮನೆಗೆ ಹೋಗಿ ನಾನು ಯಾವ ಪುಸ್ತಕಾನೂ ನೋಡ್ಲಿಲ್ಲ, ಇಬು" ಅಂದರು. "ರೆನ್ಸಿ ಹೇಳಿದ್ರೆ ಸರಿ ಇರುತ್ತೆ ಅಂದ್ಕೊಂಡೆ. ಎರಡು ತಿಂಗಳು ನಂದೇ ತಪ್ಪು ಅಂದ್ಕೊಂಡೇ ಓಡಾಡಿದೀನಿ. ಅದಕ್ಕೇ ನಿಮ್ಮ ಮುಖ ನೋಡೋಕಾಗ್ದೆ ಗ್ರಂಥಾಲಯಕ್ಕೆ ಹಾಕಿದ್ದು."

ಅವಳಿಗೆ ಬೈಗುಳವೇ ಮೇಲಿತ್ತು ಅನ್ನಿಸಿತಂತೆ.

"ಕೂಗ್ಬಾರ್ದಿತ್ತು ನಾನು" ಅಂದರು ಅವರು ಮತ್ತೆ ತಿರುಪಿಗೆ ಕೈ ಹಾಕುತ್ತ. "ಅದಕ್ಕೆ ಮಾತ್ರ ನಿಮ್ಮ ಪುಸ್ತಕದಲ್ಲಿ ನಿಯಮ ಹುಡುಕಬೇಡಿ."

ನವೆಂಬರ್ ಕೊನೆಯಲ್ಲಿ ಪ್ರತಿಷ್ಠಾನದ ಕಾಗದ ಬಂತು. ಪಾ ಕಾನಿಸ್ ಖಾಯಂ ಆಗಿದ್ದರು. ರೆನ್ಸಿಯ ನಾಲ್ಕು ಸಾಲಿನಿಂದ ಆಯಿತೋ, ಛಾವಣಿ ಮತ್ತು ಕೊಳವೆಯಿಂದ ಆಯಿತೋ, ಯಾರಿಗೂ ಗೊತ್ತಿಲ್ಲ. ಕಾಗದವನ್ನು ಶಿಕ್ಷಕರ ಕೋಣೆಯಲ್ಲಿ ಗಟ್ಟಿಯಾಗಿ ಓದಿದವನು ಪಾ ಬೋನೆ. ಓದುತ್ತ ನಡುವೆ ನಿಂತ.

"ಅಯ್ಯೋ ಇಬು ರೆನ್ಸಿ, ಇಲ್ಲಿ ಬನ್ನಿ. 'ಇವರನ್ನು ಮುಖ್ಯೋಪಾಧ್ಯಾಯರನ್ನಾಗಿ ನೇಮಿಸಲಾಗಿದೆ.' ಕೆ ಚಿಕ್ಕದು, ಎಸ್ ಚಿಕ್ಕದು. ಈಗ ಯಾರ ಮೇಲೆ ಕೂಗೋದು?"

ಕೋಣೆಯೆಲ್ಲ ಪಾ ಕಾನಿಸ್ ಮುಖ ನೋಡಿತು. ಅವರು ರೆನ್ಸಿಯ ಕಡೆ ತಿರುಗಿದರು. "ಇದು ಸರಿನಾ, ತಪ್ಪಾ?"

ಅವಳು ಎರಡು ಸಲ ಓದಿದಳು. "ಸರಿ ಅನ್ಸುತ್ತೆ ಪಾ. ಇಲ್ಲಿ ಬರೀ ಹುದ್ದೆ, ನಿಮ್ಮ ಹೆಸರಿನ ಬದಲಾಗಿ ಬಂದಿಲ್ಲ. ಆದ್ರೆ ಪೂರ್ತಿ ಪುಸ್ತಕ ನೋಡಿ ನಾಳೆ ಹೇಳ್ತೀನಿ."

ಆಗ ಮೊದಲು ನಕ್ಕವರು ಪಾ ಕಾನಿಸ್. ಬೋನೆ ಬಾಳೆಹಣ್ಣಿನ ಬೋಂಡ ತರಿಸಿದ. ಪಾ ಕಾನಿಸ್ ಅವಳನ್ನು ಮತ್ತೆ ಕಚೇರಿಯ ಕೆಲಸಕ್ಕೆ ಕರೆದರು.

ಕ್ರಿಸ್ಮಸ್‌ಗೆ ಎರಡು ವಾರ ಇರುವಾಗ, ಪಾಠವೆಲ್ಲ ಮುಗಿದು ಶಾಲೆ ಖಾಲಿಯಾಗಿದ್ದ ಮಧ್ಯಾಹ್ನ, ಪಾ ಕಾನಿಸ್ ಕಚೇರಿಗೆ ಬಂದು ಕೈಬರಹದ ಒಂದು ಹಾಳೆ ಅವಳ ಮುಂದೆ ಇಟ್ಟರು. "ಇದನ್ನ ಟೈಪ್ ಮಾಡಿ ಕೊಡಿ. ನಾಳೆ ಪ್ರತಿಷ್ಠಾನಕ್ಕೆ ಹೋಗ್ಬೇಕು."

ಅವಳು ಓದಿದಳು. ಖಾಯಂ ಮಾಡಬೇಕಾದವರ ಶಿಫಾರಸು. ಒಂದೇ ಹೆಸರಿತ್ತು, ಅವಳದು. ಹದಿನೇಳು ವರ್ಷದ ನಿಷ್ಠೆ, ಶುದ್ಧ ಬರವಣಿಗೆ, ಅಪರೂಪದ ಪ್ರಾಮಾಣಿಕತೆ ಎಂದೆಲ್ಲ ಇತ್ತು. ಕೊನೆಯಲ್ಲಿ 'ಅಕ್ಟೋಬರಿನಲ್ಲಿ ಆಕೆ ತಾನಾಗಿ ಮುಂದೆ ಬಂದು' ಎಂದು ಶುರುವಾಗುವ ಒಂದು ಸಾಲು. ಮುಂದಕ್ಕೆ ಅವಳ ಕಣ್ಣು ಹೋಗಲಿಲ್ಲ.

ಅವಳು ಕೈಗಳನ್ನು ಕೀಲಿಮಣೆಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. ಎದ್ದಳು. ಕಿಟಕಿಯವರೆಗೆ ಹೋದಳು, ವಾಪಸ್ ಬಂದಳು.

"ಇದು ಬೇಡ ಪಾ."

"ಏನು ಬೇಡ? ನ್ಯಾಯವಾಗಿ ನಿಮಗೆ ಬರ್ಬೇಕಾದ್ದು."

"ಹೋದ ಸಲದ ಪಟ್ಟಿಗೆ ಬರೆದಿದ್ರೆ ನ್ಯಾಯ ಆಗ್ತಿತ್ತು. ಆಗ ಯಾಕೆ ಬರೀಲಿಲ್ಲ ಅಂತ ನಾನು ಕೇಳಲ್ಲ. ಈ ಸಲ ಬರೆದ್ರೆ ಜನ ಬೇರೆ ಥರ ಓದ್ತಾರೆ."

"ಜನ ಓದ್ಕೊಳ್ಳಲಿ."

"ನಾನೂ ಬೇರೆ ಥರಾನೇ ಓದ್ತೀನಿ ಪಾ. ಮೌಮೆರೆಗೆ ಹೋಗಿದ್ದು ಇದಕ್ಕೇನಾ ಅಂತ ದಿನಾ ನನ್ನನ್ನೇ ಕೇಳ್ಕೋಬೇಕಾಗುತ್ತೆ. ಈಗಾಗ್ಲೇ ನಿದ್ದೆ ಕಮ್ಮಿ."

"ಇಬು, ಇನ್ನು ಎರಡು ವರ್ಷ ಪಟ್ಟಿ ಕೇಳಲ್ಲ. ಅಷ್ಟರಲ್ಲಿ ನಿಯಮ ಬದಲಾಗಬಹುದು. ನಿಮಗೆ ವಯಸ್ಸಾಯ್ತು ಅನ್ನಬಹುದು. ತಿನುಸ್‌ಗಾದ್ರೂ ಕೇಳಿ."

"ಕೇಳಿದ್ರೆ ಅವ್ರು ಟೈಪ್ ಮಾಡು ಅಂತಾರೆ. ಅದಕ್ಕೇ ಕೇಳಲ್ಲ."

ಅವರು ಹಾಳೆ ತೆಗೆದುಕೊಳ್ಳಲಿಲ್ಲ. ಅವಳು ಅದನ್ನು ಎರಡು ಮಡಿಕೆ ಮಾಡಿ ಅವರ ಅಂಗಿಯ ಜೇಬಿನ ಹತ್ತಿರ ಹಿಡಿದಳು.

"ಲೈಬ್ರರಿಗೆ ಹೋದವಳು ಕಚೇರಿಗೆ ವಾಪಸ್ ಬಂದೆ, ಸಾಕು. ಎರಡು ವರ್ಷ ನನ್ನ ಕಾಗದ ನೋಡಿ. ತಪ್ಪಿದ್ರೆ ಕೂಗಿ. ಆಮೇಲೂ ಬರೀಬೇಕು ಅನ್ಸಿದ್ರೆ ಆಗ ಬರೀರಿ. ಇದನ್ನ ತಗೊಂಡ್ಹೋಗಿ ಪಾ."